ಕಲ್ಯಾಣ ಕುಸಿದ ಮೇಲೆ ಏನಾಯ್ತು? ನೀಲಗಾರರು ಮುಂದುವರಿಸಿದ ಕಥೆ

ಬಸವಣ್ಣನ ಕಲ್ಯಾಣ ಮುರಿದುಬಿದ್ದಲ್ಲಿಗೆ ಪಠ್ಯಪುಸ್ತಕದ ಪಾಠ ಮುಗಿಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಆ ಕಥೆ ಅಲ್ಲಿಂದ ಶುರುವಾಗುತ್ತದೆ. ಮಂಟೇಸ್ವಾಮಿ ಕಾವ್ಯ ಅಂದರೇನು, ಅದನ್ನು ಯಾರು ಹಾಡುತ್ತಾರೆ, ಇವತ್ತಿನ ರಾಜಕಾರಣಕ್ಕೂ ಅದಕ್ಕೂ ಏನು ಸಂಬಂಧ? ಇಲ್ಲಿದೆ ವಿವರ.

ಸೋತುಹೋದ ಒಂದು ದೊಡ್ಡ ಪ್ರಯೋಗದ ಕಥೆ ಅರ್ಧಕ್ಕೆ ನಿಂತಿದೆ ಅಂದುಕೊಳ್ಳಿ. ಅದನ್ನು ಮುಂದುವರಿಸುವವರು ಯಾರು ಅನ್ನೋದು ಸಾಹಿತ್ಯದ ಪ್ರಶ್ನೆ ಮಾತ್ರ ಆಗಿ ಉಳಿಯೋದಿಲ್ಲ. ಸೋಲಿಗೆ ಕಾರಣ ಯಾರು, ಬಾಗಿಲ ಹೊರಗೆ ನಿಂತವರು ಯಾರು, ಕನಸಿನಲ್ಲಿ ಉಳಿದದ್ದೆಷ್ಟು ಅನ್ನೋದನ್ನೆಲ್ಲ ಮುಂದುವರಿಸಿದವರೇ ತೀರ್ಮಾನ ಮಾಡುತ್ತಾರೆ. ಕನ್ನಡದಲ್ಲಿ ಅಂಥ ಕೆಲಸವನ್ನು ಅತ್ಯಂತ ಧೈರ್ಯದಿಂದ ಮಾಡಿದವರು ಆಸ್ಥಾನದ ಕವಿಗಳಲ್ಲ. ತಂಬೂರಿ ಹಿಡಿದು ಊರೂರು ತಿರುಗಿದ ನೀಲಗಾರರು.

ಮೊದಲು ಮೂಲಕಥೆ

12ನೇ ಶತಮಾನದ ಕಲ್ಯಾಣ. ಕಲಚೂರಿ ಬಿಜ್ಜಳನ ಆಡಳಿತದಲ್ಲಿ ಬಸವಣ್ಣ ಭಂಡಾರಿ. ಸುತ್ತ ಸೇರಿದವರು ಮಡಿವಾಳರು, ಅಂಬಿಗರು, ಸಮಗಾರರು, ಕದಿರು ತೆಗೆಯುವ ಹೆಣ್ಣುಮಕ್ಕಳು. ದುಡಿಮೆಗೆ ಕಾಯಕ ಅಂತ ಹೆಸರು ಬಂತು, ಆಡುಮಾತಿಗೆ ವಚನದ ಘನತೆ ಬಂತು. ಪರಂಪರೆ ಹೇಳುವ ಪ್ರಕಾರ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆದದ್ದೇ ಕಿಡಿ. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಆಯಿತು. ಬಿಜ್ಜಳನ ಕೊಲೆ ಆಯಿತು. ಶರಣರು ಚದುರಿದರು. ಬಸವಣ್ಣ ಕೂಡಲಸಂಗಮಕ್ಕೆ ಹೋದರೆ, ಚೆನ್ನಬಸವಣ್ಣನ ಜೊತೆಗಿದ್ದವರು ಉಳವಿಯ ಕಡೆ ನಡೆದರು.

ಈ ಕಥೆಯನ್ನು ಬರೆದವರು ಬಹಳ ಮಂದಿ. ಹರಿಹರನ ರಗಳೆ ಇದೆ, ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣ ಇದೆ, ಅದನ್ನು ಆಧರಿಸಿ 1369ರಲ್ಲಿ ಭೀಮಕವಿ ಮುಗಿಸಿದ ಕನ್ನಡ ಬಸವಪುರಾಣ ಇದೆ. ಆಧುನಿಕರಲ್ಲಿ ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಇವೆ. ಇವೆಲ್ಲ ಹೆಚ್ಚುಕಡಿಮೆ ಕಲ್ಯಾಣದ ಒಳಗೇ ನಡೆಯುವ ಕಥೆಗಳು. ಊರು ಮುರಿದ ಮೇಲೆ ಆ ಕನಸನ್ನು ಹೆಗಲ ಮೇಲೆ ಹೊತ್ತು ಬೇರೆ ಸೀಮೆಗೆ ತಂದ ಕಥೆ ಬೇಕೆಂದರೆ ನಾವು ಕಾವೇರಿ ತೀರಕ್ಕೆ ಬರಬೇಕು.

ಮಂಟೇಸ್ವಾಮಿ ಕಾವ್ಯ ಅಂದ್ರೆ ಏನು?

ಇದೊಂದು ಮೌಖಿಕ ಮಹಾಕಾವ್ಯ. ಪುಸ್ತಕದಲ್ಲಿ ಅಚ್ಚಾದದ್ದು 20ನೇ ಶತಮಾನದಲ್ಲಿ, ಜಾನಪದ ವಿದ್ವಾಂಸರು ಹಾಡುಗಾರರನ್ನು ಕೂರಿಸಿ ಬರೆದುಕೊಂಡ ಮೇಲೆ. ಅದಕ್ಕೂ ಮೊದಲು, ಈಗಲೂ ಕೂಡ, ಅದು ಇರುವುದು ನೀಲಗಾರರ ಬಾಯಲ್ಲಿ. ಮುಖ್ಯ ಹಾಡುಗಾರನ ಕೈಯಲ್ಲಿ ತಂಬೂರಿ, ಜೊತೆಯವರ ಕೈಯಲ್ಲಿ ಡಕ್ಕೆ, ಗಗ್ಗರ, ತಾಳ. ರಾತ್ರಿಯಿಡೀ ಹಾಡು ನಡೆಯುತ್ತೆ, ನಡುನಡುವೆ ಮಾತು, ಹಾಸ್ಯ, ಕೇಳುವವರ ಜೊತೆ ಸಂವಾದ. ಕಾವ್ಯದ ಒಂದೊಂದು ಭಾಗಕ್ಕೆ ‘ಸಾಲು’ ಅಂತ ಹೆಸರು. ಒಂದೇ ರಾತ್ರಿಯಲ್ಲಿ ಇಡೀ ಕಾವ್ಯ ಮುಗಿಯೋದಿಲ್ಲ, ಕರೆಸಿದ ಮನೆಯವರು ಕೇಳಿದ ಸಾಲನ್ನು ಹಾಡುತ್ತಾರೆ.

ನೀಲಗಾರ ಆಗೋದು ಹುಟ್ಟಿನಿಂದಲ್ಲ, ದೀಕ್ಷೆಯಿಂದ. ಹೆಚ್ಚಿನವರು ದಲಿತರು, ಹಿಂದುಳಿದ ಸಮುದಾಯಗಳವರೂ ಇದ್ದಾರೆ. ಕಥಾನಾಯಕ ಮಂಟೇಸ್ವಾಮಿಯನ್ನು ಹಾಡುಗಾರರು ಧರೆಗೆ ದೊಡ್ಡವರು, ಪರಂಜ್ಯೋತಿ ಎಂದು ಕರೆಯುತ್ತಾರೆ. ಅಲ್ಲಮಪ್ರಭುವೇ ಈತ ಅನ್ನುವ ಧಾಟಿಯೂ ಕಾವ್ಯದಲ್ಲಿದೆ.

ಈ ಪರಂಪರೆಯ ಭೂಪಟ ನೋಡಿ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಶಿಷ್ಯರಾದ ರಾಚಪ್ಪಾಜಿ ಮತ್ತು ಚೆನ್ನಾಜಮ್ಮ ಕೆ.ಆರ್. ನಗರ ಸೀಮೆಯ ಕಪ್ಪಡಿಯಲ್ಲಿ, ಕಾವೇರಿಯ ದಡದಲ್ಲಿ. ಇನ್ನೊಬ್ಬ ಶಿಷ್ಯ ಸಿದ್ದಪ್ಪಾಜಿ ಕೊಳ್ಳೇಗಾಲ–ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ. ಕಲ್ಯಾಣದಿಂದ ಇಲ್ಲಿಗೆ ನೂರಾರು ಕಿಲೋಮೀಟರ್ ದೂರ. ಆ ದೂರವನ್ನು ಕಾವ್ಯ ನಡೆದೇ ದಾಟಿದೆ.

ತಿಪ್ಪೆಯಿಂದ ನೋಡಿದ ಕಲ್ಯಾಣ

ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾಗುತ್ತದೆ. ಆದರೆ ಕಲ್ಯಾಣ ಪಟ್ಟಣದ ಸಾಲಿನ ಬೆನ್ನೆಲುಬು ಇಷ್ಟು: ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ದಿನವೂ ದಾಸೋಹದಲ್ಲಿ ಉಣ್ಣುತ್ತಿದ್ದಾರೆ. ಇವರಲ್ಲಿ ನಿಜವಾದ ಶರಣರು ಎಷ್ಟು ಜನ ಅಂತ ನೋಡಲು ಮಂಟೇಸ್ವಾಮಿ ಬರುತ್ತಾನೆ. ಬರುವುದು ಹೇಗೆ? ಮೈತುಂಬ ಕುಷ್ಠ, ಕೀವು, ನೊಣ, ನಾತ. ಬಾಗಿಲಲ್ಲೇ ತಡೆ. ಸಮಾನತೆಯ ಪಟ್ಟಣಕ್ಕೂ ಒಂದು ಬಾಗಿಲಿದೆ, ಬಾಗಿಲಿಗೊಬ್ಬ ಕಾವಲಿನವನಿದ್ದಾನೆ. ಹೊಲೆಯನ ರೂಪದಲ್ಲಿ ಬಂದ ಗುರು ಹೊರಗೆ ತಿಪ್ಪೆಯ ಮೇಲೆ ಮಲಗುತ್ತಾನೆ.

ಕೊನೆಗೆ ಬಸವಣ್ಣನಿಗೆ ಇದು ಗೊತ್ತಾಗುತ್ತದೆ. ನೀಲಮ್ಮನೂ ಬಸವಣ್ಣನೂ ಬಂದು ಆತನನ್ನು ಒಳಗೆ ಕರೆದುಕೊಳ್ಳುತ್ತಾರೆ. ಆದರೆ ಪಂಕ್ತಿಯಲ್ಲಿ ಕೂತ ಜಂಗಮರು ಆ ನಾತ ತಾಳಲಾರದೆ ಎದ್ದು ಓಡುತ್ತಾರೆ. ಪರೀಕ್ಷೆಯಲ್ಲಿ ಉಳಿದವನು ಬಸವಣ್ಣ, ಬಿದ್ದುಹೋದದ್ದು ಅವನ ಹೆಸರು ಹೇಳಿಕೊಂಡು ಉಂಡವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಲ್ಯಾಣ ಯಾಕೆ ಸೋತಿತು ಎಂದು ಕೇಳಿದರೆ ನಮಗೆ ಸಿಗುವ ಸಾಮಾನ್ಯ ಉತ್ತರ: ಹೊರಗಿನ ಶತ್ರು, ಅಂದರೆ ಬಿಜ್ಜಳ, ಪುರೋಹಿತಶಾಹಿ, ಸಂಪ್ರದಾಯವಾದಿಗಳು. ಅದು ತಪ್ಪಲ್ಲ. ಆದರೆ ನೀಲಗಾರರ ಕಾವ್ಯ ಇನ್ನೊಂದು ಉತ್ತರ ಕೊಡುತ್ತದೆ. ಚಳವಳಿ ದೊಡ್ಡದಾದ ಮೇಲೆ ಅದರೊಳಗೆ ಸವಲತ್ತು ಹುಟ್ಟಿತು, ದಾಸೋಹ ಹಕ್ಕಾಯಿತು, ಅತ್ಯಂತ ಕೆಳಗಿನವನು ಬಾಗಿಲಿಗೆ ಬಂದಾಗ ಮೂಗು ಮುಚ್ಚಿಕೊಳ್ಳುವ ಅಭ್ಯಾಸ ಬಂತು. ಚಳವಳಿಯ ಸಭೆಗಳಿಗೆ ಹೋಗಿಬಂದ ಯಾರಿಗೂ ಇದು ಹೊಸ ವಿಷಯ ಅನ್ನಿಸಲಿಕ್ಕಿಲ್ಲ.

ಗಮನಿಸಿ, ಕಾವ್ಯ ಬಸವಣ್ಣನನ್ನು ತಿರಸ್ಕರಿಸುವುದಿಲ್ಲ. ಅವನನ್ನು ಉಳಿಸಿಕೊಂಡೇ ಅವನ ಸುತ್ತಲಿನವರನ್ನು ವಿಚಾರಣೆಗೆ ನಿಲ್ಲಿಸುತ್ತದೆ. ಒಳಗಿನವರ ಟೀಕೆ ಇದು, ಶತ್ರುವಿನದಲ್ಲ.

‘ಆದರೆ ಇದು ಇತಿಹಾಸವಾ?’ ಎಂದು ಕೇಳಬಹುದು. ಮಂಟೇಸ್ವಾಮಿಯ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 15–16ನೇ ಶತಮಾನದ ಆಸುಪಾಸಿಗೆ ತರುತ್ತಾರೆ. ಬಸವಣ್ಣನಿಗೂ ಅವನಿಗೂ ಮುನ್ನೂರು ವರ್ಷದ ಅಂತರ. ಇಬ್ಬರೂ ಎದುರುಬದುರು ನಿಲ್ಲಲು ಸಾಧ್ಯವೇ ಇಲ್ಲ. ಕಾವ್ಯಕ್ಕೆ ಆ ಲೆಕ್ಕ ಬೇಕಿಲ್ಲ. ಹಿಂದಿನ ಚಳವಳಿಗೆ ನಂತರದವರು ಕೇಳಬೇಕಾದ ಪ್ರಶ್ನೆಯನ್ನು ಅದು ಎರಡು ಪಾತ್ರಗಳ ನಡುವಿನ ಭೇಟಿಯನ್ನಾಗಿ ಮಾಡಿದೆ.

ಕಬ್ಬಿಣದ ಭಿಕ್ಷೆ

ಕಲ್ಯಾಣವನ್ನು ಬಿಟ್ಟ ಮಂಟೇಸ್ವಾಮಿ ದಕ್ಷಿಣಕ್ಕೆ ಬರುತ್ತಾನೆ. ಒಂಟಿಯಾಗಿ ಸಾಧ್ಯವಿಲ್ಲ, ಶಿಷ್ಯರು ಬೇಕು. ನಿಡುಘಟ್ಟದ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿಯನ್ನು ಕೇಳುತ್ತಾನೆ. ಮನೆಯವರು ಕೊಡಲು ಒಪ್ಪುವುದಿಲ್ಲ. ಕಷ್ಟಗಳ ಸರಮಾಲೆಯ ನಂತರ ಆ ಹುಡುಗ ಗುರುವಿನ ಕೈಸೇರಿ ಸಿದ್ದಪ್ಪಾಜಿ ಆಗುತ್ತಾನೆ.

ಮುಂದಿನದು ಹಲಗೂರಿನ ಪ್ರಸಂಗ. ಕಬ್ಬಿಣ ಬೇಡಿಕೊಂಡು ಬಾ ಎಂದು ಗುರು ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಳಿಸುತ್ತಾನೆ. ಅವರು ಕೊಡುವುದಿಲ್ಲ. ಅವಮಾನ ಮಾಡುತ್ತಾರೆ, ವಿಷ ಉಣಿಸುತ್ತಾರೆ, ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಎಲ್ಲವನ್ನೂ ಗೆದ್ದು ಆತ ಕಬ್ಬಿಣ ತರುತ್ತಾನೆ.

ಪವಾಡ ಬದಿಗಿಟ್ಟು ಓದಿದರೂ ಇಲ್ಲೊಂದು ಗಟ್ಟಿ ರಾಜಕಾರಣ ಕಾಣುತ್ತದೆ. ಅಕ್ಕಿ ಅಲ್ಲ, ಬಟ್ಟೆ ಅಲ್ಲ, ಚಿನ್ನವೂ ಅಲ್ಲ, ಬೇಡುವುದು ಕಬ್ಬಿಣ. ನೇಗಿಲ ಗುಳ, ಕುಡುಗೋಲು, ಕೊಡಲಿ ಎಲ್ಲಕ್ಕೂ ಅದೇ ಬೇಕು. ಉತ್ಪಾದನೆಯ ಕೀಲಿ ಯಾರ ಕೈಯಲ್ಲಿದೆಯೋ ಅವರ ಮನೆಬಾಗಿಲಿಗೆ ಕಾವ್ಯ ಹೋಗಿ ನಿಂತಿದೆ. ಅದೂ ಅದೇ ಕುಲದಲ್ಲಿ ಹುಟ್ಟಿದ ಹುಡುಗನನ್ನು ಮುಂದಿಟ್ಟುಕೊಂಡು! ಕಲ್ಯಾಣದಲ್ಲಿ ಅನ್ನ ಹಂಚಿದ್ದರು. ಹಲಗೂರಿನಲ್ಲಿ ಕೇಳಿದ್ದು ಅನ್ನ ಬೆಳೆಯುವ ಸಾಧನವನ್ನು.

ಯಳಂದೂರಿನಲ್ಲಿ ಬರೆದ ಇನ್ನೊಂದು ಕಲ್ಯಾಣ

ಚಿಕ್ಕಲ್ಲೂರಿಗೆ ಹೋಗಿ ಅದೇ ದಿನ ಯಳಂದೂರು ನೋಡಿಕೊಂಡು ಬರಬಹುದು, ಅಷ್ಟು ಹತ್ತಿರ. ಅಲ್ಲಿ 17ನೇ ಶತಮಾನದಲ್ಲಿ ಷಡಕ್ಷರದೇವ ಎಂಬ ದೊಡ್ಡ ಕವಿ ಇದ್ದ. ಹುಟ್ಟಿದ್ದು ಮಳವಳ್ಳಿ ಸೀಮೆಯ ಧನಗೂರು, ಮಠಾಧಿಪತಿಯಾಗಿದ್ದದ್ದು ಯಳಂದೂರಿನಲ್ಲಿ. ‘ರಾಜಶೇಖರ ವಿಲಾಸ’ ಅವನ ಅತ್ಯಂತ ಪ್ರಸಿದ್ಧ ಕೃತಿ. ಇನ್ನೊಂದು, 1671ರ ಸುಮಾರಿನ ‘ವೃಷಭೇಂದ್ರ ವಿಜಯ’. ವೃಷಭೇಂದ್ರ ಅಂದರೆ ಬೇರೆ ಯಾರೂ ಅಲ್ಲ, ಬಸವಣ್ಣನೇ.

ಅಂದರೆ ಒಂದೇ ಸೀಮೆ, ಒಂದೇ ಕಲ್ಯಾಣ, ಎರಡು ಕಾವ್ಯ. ಷಡಕ್ಷರದೇವ ಬರೆದದ್ದು ಚಂಪೂವಿನಲ್ಲಿ, ಹಳಗನ್ನಡದ ವೃತ್ತ–ಕಂದಗಳಲ್ಲಿ, ಸಂಸ್ಕೃತದ ಸಮಾಸಗಳನ್ನು ಹೊಸೆದು. ಅಷ್ಟೊತ್ತಿಗೆ ಚಂಪೂ ಬಹುಮಟ್ಟಿಗೆ ಹಿಂದೆ ಸರಿದಿತ್ತು, ಷಟ್ಪದಿ ಮೆರೆಯುತ್ತಿತ್ತು. ಮತ್ತೆ ಚಂಪೂವನ್ನು ಎತ್ತಿ ನಿಲ್ಲಿಸಿದ್ದು ಅವನ ಹೆಗ್ಗಳಿಕೆ. ಅಲ್ಲಿ ಬಸವಣ್ಣ ಶಿವನ ನಂದಿಯ ಅವತಾರ, ಕಥೆ ದೈವಲೀಲೆ. ಪಂಡಿತರ ಸಭೆಯೇ ಅದರ ಓದುಗರು.

ನೀಲಗಾರರ ಕಾವ್ಯಕ್ಕೆ ಸಭೆ ಬೇಕಿಲ್ಲ, ಕೇರಿಯ ಜಗಲಿ ಸಾಕು. ಹೀಗೆಂದ ಮಾತ್ರಕ್ಕೆ ಷಡಕ್ಷರದೇವನನ್ನು ಕೆಳಗಿಳಿಸಬೇಕಾಗಿಲ್ಲ, ಅವನದು ನಿಜವಾದ ಕವಿಪ್ರತಿಭೆ. ಆದರೆ ವಿಶ್ವವಿದ್ಯಾಲಯದ ಸಾಹಿತ್ಯ ಚರಿತ್ರೆಯಲ್ಲಿ ಒಬ್ಬನಿಗೆ ಅಧ್ಯಾಯ, ಇನ್ನೊಬ್ಬರಿಗೆ ‘ಜಾನಪದ’ ಎಂಬ ಪ್ರತ್ಯೇಕ ಕೋಣೆ. ಅದೊಂದು ಆಯ್ಕೆ, ನಾವು ಮಾಡಿಕೊಂಡದ್ದು.

ಹನೂರಿನ ಬೆಟ್ಟಗಳಿಗೆ ಬಂದರೆ ಮೂರನೆಯದೂ ಸಿಗುತ್ತದೆ, ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯ. ಅಲ್ಲೂ ದೇವತೆಗಳನ್ನು ಸೆರೆಯಿಟ್ಟ ಶ್ರವಣ ದೊರೆಯನ್ನು ಮುಗಿಸಲು ಮಾದಪ್ಪನಿಗೆ ಬೇಕಾಗುವುದು ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ. ಕಲ್ಯಾಣದಲ್ಲಿ ಶಿಕ್ಷೆಗೊಳಗಾದವನ ಹೆಸರೇ ಇಲ್ಲಿ ದೊರೆಯ ಅಂತ್ಯಕ್ಕೂ ಕಾರಣ. ಸೀಮೆಯ ನೆನಪಿನಲ್ಲಿ ಕಲ್ಯಾಣ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದಕ್ಕೆ ಇದೊಂದೇ ಸಾಕು.

ಲಂಡನ್ನಿನಲ್ಲಿ ಅದೇ ಹೊತ್ತಿಗೆ

ಸೋತ ರಾಜಕೀಯ ಕನಸಿನ ಕಾವ್ಯವನ್ನು ಇನ್ನೊಬ್ಬರು ಮುಂದುವರಿಸಿದ್ದು ನಮ್ಮಲ್ಲಿ ಮಾತ್ರ ಅಲ್ಲ. ಹೋಲಿಕೆಗೆ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲಿದೆ.

ರೋಮಿನ ಕವಿ ಲೂಕನ್ ‘ಫಾರ್ಸೇಲಿಯಾ’ ಎಂಬ ಚಾರಿತ್ರಿಕ ಮಹಾಕಾವ್ಯ ಬರೆಯುತ್ತಿದ್ದ. ವಸ್ತು, ಸೀಸರ್ ಮತ್ತು ಪಾಂಪೆಯ ನಡುವಿನ ಅಂತರ್ಯುದ್ಧ. ಕ್ರಿಸ್ತಪೂರ್ವ 48ರ ಫಾರ್ಸಲಸ್ ಕದನದ ಜೊತೆಗೆ ರೋಮಿನ ಗಣರಾಜ್ಯ ಸತ್ತಿತು ಎಂಬುದು ಅವನ ನಂಬಿಕೆ. ಕ್ರಿ.ಶ. 65ರಲ್ಲಿ ನೀರೋ ಚಕ್ರವರ್ತಿಯ ವಿರುದ್ಧದ ಪಿತೂರಿಯಲ್ಲಿ ಸಿಕ್ಕಿಬಿದ್ದು, ಅಪ್ಪಣೆಯಂತೆ ತನ್ನ ಪ್ರಾಣ ತಾನೇ ತೆಗೆದುಕೊಂಡ. ವಯಸ್ಸು ಕೇವಲ 25. ಕಾವ್ಯ ಹತ್ತನೇ ಭಾಗದಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಸೀಸರ್ ಮುತ್ತಿಗೆಗೆ ಸಿಕ್ಕಿರುವಾಗಲೇ ನಿಂತುಹೋಯಿತು.

ಹದಿನೈದು ಶತಮಾನ ಕಳೆದ ಮೇಲೆ ಥಾಮಸ್ ಮೇ ಎಂಬ ಇಂಗ್ಲಿಷ್ ಕವಿ 1627ರಲ್ಲಿ ಅದರ ಪೂರ್ಣ ಅನುವಾದ ತಂದ. 1630ರಲ್ಲಿ ತಾನೇ ಇನ್ನೂ ಏಳು ಭಾಗ ಬರೆದು ಸೀಸರನ ಕೊಲೆಯವರೆಗೆ ಕಥೆ ಎಳೆದ. ಆ ಮುಂದುವರಿಕೆಯನ್ನು ಅರ್ಪಿಸಿದ್ದು ಯಾರಿಗೆ? ದೊರೆ ಒಂದನೇ ಚಾರ್ಲ್ಸ್‌ಗೆ! ದೊರೆತನವನ್ನು ದ್ವೇಷಿಸಿದ ಕಾವ್ಯದ ಮುಂದಿನ ಭಾಗ ದೊರೆಯ ಪಾದಕ್ಕೆ. ಲೂಕನ್ನಿಗೆ ಸೀಸರ್ ಖಳ. ಮೇಯ ಸೀಸರ್ ಅಲ್ಲಲ್ಲಿ ಮೆದುವಾಗುತ್ತಾನೆ. ಅದು ಹೊಗಳಿಕೆಯಾ, ಎಚ್ಚರಿಕೆಯಾ ಎಂಬ ಚರ್ಚೆ ವಿದ್ವಾಂಸರಲ್ಲಿ ಈಗಲೂ ಇದೆ.

ನಂತರ ಇಂಗ್ಲೆಂಡಿನಲ್ಲೇ ಅಂತರ್ಯುದ್ಧ ಬಂತು. ಮೇ ಸಂಸತ್ತಿನ ಪಕ್ಷ ಸೇರಿ 1647ರಲ್ಲಿ ಅದರ ಇತಿಹಾಸ ಬರೆದ. 1649ರಲ್ಲಿ ಚಾರ್ಲ್ಸ್‌ನ ತಲೆ ಉರುಳಿತು. 1650ರಲ್ಲಿ ತೀರಿಕೊಂಡ ಮೇಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಸಿಕ್ಕಿತು. 1660ರಲ್ಲಿ ರಾಜತನ ಮರಳಿ ಬಂದದ್ದೇ ತಡ, ಮರುವರ್ಷ ಅವನ ದೇಹವನ್ನು ಅಲ್ಲಿಂದ ಅಗೆದು ತೆಗೆದರು. ಕಥೆ ಮುಂದುವರಿಸುವ ಕೆಲಸ ಎಷ್ಟು ಅಪಾಯಕಾರಿ ನೋಡಿ.

ನಮ್ಮ ನೀಲಗಾರರಿಗೂ ಮೇಗೂ ಇರುವ ವ್ಯತ್ಯಾಸ ಇಲ್ಲೇ. ಮೇ ಗ್ರಂಥಗಳನ್ನು ಓದಿ, ಇತಿಹಾಸದ ತೇದಿಗೆ ಬದ್ಧನಾಗಿ, ಒಮ್ಮೆ ಬರೆದು ಮುಗಿಸಿದ. ಗಾಳಿ ತಿರುಗಿದಾಗ ಅವನೂ ತಿರುಗಬಹುದಿತ್ತು, ತಿರುಗಿದ. ನೀಲಗಾರರ ಕಾವ್ಯಕ್ಕೆ ಅರ್ಪಣೆಯ ಪುಟವೇ ಇಲ್ಲ. ಅದನ್ನು ಒಬ್ಬ ಬರೆದಿಲ್ಲ, ಹಾಗಾಗಿ ಒಬ್ಬನನ್ನು ಹಿಡಿದು ಬದಲಾಯಿಸಲೂ ಆಗುವುದಿಲ್ಲ.

ಹಾಗಂತ ಆ ಪರಂಪರೆ ಅಧಿಕಾರದಿಂದ ಪೂರ್ತಿ ಹೊರಗಿದೆ ಎಂದೂ ಅಲ್ಲ. ಬೊಪ್ಪೇಗೌಡನಪುರದ ಪೀಠ ಅರಸು ಮನೆತನದ ಕೈಯಲ್ಲಿದೆ, ಹಾಡುವವರಲ್ಲಿ ಹೆಚ್ಚಿನವರು ದಲಿತರು. ಕಲ್ಯಾಣಕ್ಕೆ ಕೇಳಿದ ಪ್ರಶ್ನೆಯನ್ನು ತಮ್ಮ ಮಠಕ್ಕೂ ಕೇಳಿಕೊಳ್ಳುವ ಅವಕಾಶ ಕಾವ್ಯದಲ್ಲೇ ಇದೆ.

ಎರಡು ರಾಜ್ಯ, ಒಂದೇ ಹಾಡು

ಇನ್ನೊಂದು ಮಾತು, ಗಡಿಯ ಬಗ್ಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇವತ್ತಿನ ಹನೂರು ಆಗ ಅದರೊಳಗೇ ಇತ್ತು. ಯಳಂದೂರು ಮಾತ್ರ ಮೈಸೂರಿನಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. 1956ರ ನವೆಂಬರ್ 1ರವರೆಗೆ ಇದೇ ಸ್ಥಿತಿ.

ಅಂದರೆ ಸುಮಾರು ಒಂದೂವರೆ ಶತಮಾನ ಕಪ್ಪಡಿ, ಬೊಪ್ಪೇಗೌಡನಪುರ ಒಂದು ಆಡಳಿತದಲ್ಲಿ, ಚಿಕ್ಕಲ್ಲೂರು ಇನ್ನೊಂದರಲ್ಲಿ. ಕಚೇರಿಯ ಕಾಗದದಲ್ಲಿ ಕಾವೇರಿ ಗಡಿಯಾಗಿತ್ತು, ಕಾವ್ಯದಲ್ಲಿ ಅದು ದಾಟುವ ಹೊಳೆ. ಏಕೀಕರಣದ ಇತಿಹಾಸದಲ್ಲಿ ಸಂಘ–ಸಂಸ್ಥೆ, ನಾಯಕರ ಹೆಸರುಗಳನ್ನು ಓದುತ್ತೇವೆ. ಜಾತ್ರೆಗೆ ನಡೆದುಹೋದ ಒಕ್ಕಲುಗಳ ಕಾಲುದಾರಿಯೂ ಆ ಇತಿಹಾಸಕ್ಕೆ ಸೇರಬೇಕು.

ಪಂಕ್ತಿಸೇವೆ: ಕಾವ್ಯ ನೆಲಕ್ಕಿಳಿಯುವ ದಿನ

ಪುಷ್ಯ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಚಿಕ್ಕಲ್ಲೂರು ಜಾತ್ರೆ. ಐದು ದಿನ. ಮೊದಲ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ. ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತದೋ ಆ ಕಡೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆ. ಎರಡನೇ ದಿನ ದೊಡ್ಡವರ ಸೇವೆ, ಮೂರನೇ ದಿನ ಮುಡಿಸೇವೆ. ನಾಲ್ಕನೇ ದಿನ ಪಂಕ್ತಿಸೇವೆ: ಬಿಡಾರ ಹೂಡಿದ ಕುಟುಂಬಗಳು ಮಾಂಸದಡುಗೆ ಮಾಡಿ, ಜಾತಿ ಕೇಳದೆ ಜೊತೆಯಲ್ಲಿ ಕೂತು ಉಣ್ಣುವ ದಿನ. ಐದನೆಯದು ಮುತ್ತತ್ತಿರಾಯನ ಸೇವೆ.

ಕಲ್ಯಾಣದ ಪಂಕ್ತಿಯಿಂದ ಎದ್ದು ಓಡಿದವರ ಕಥೆ ನೆನಪಿದೆಯಲ್ಲ? ಚಿಕ್ಕಲ್ಲೂರಿನ ಪಂಕ್ತಿಯನ್ನು ಅದಕ್ಕೆ ಉತ್ತರವೆಂದು ಓದಬಹುದು. ಕಾವ್ಯ ಹೇಳಿದ್ದನ್ನು ಜನ ಬಾಳೆಎಲೆಯ ಮೇಲೆ ಮಾಡಿ ತೋರಿಸುತ್ತಾರೆ.

ಕಳೆದ ಕೆಲವು ವರ್ಷಗಳಿಂದ ಇದೇ ಪಂಕ್ತಿ ವಿವಾದದ ಕೇಂದ್ರ. 1959ರ ಕರ್ನಾಟಕ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಿನಲ್ಲಿ ಜಾತ್ರೆಗೆ ಕುರಿ, ಕೋಳಿ ತರುವುದಕ್ಕೆ ನಿರ್ಬಂಧ, ದಾರಿಯಲ್ಲಿ ತಪಾಸಣೆ. ಪ್ರಾಣಿದಯೆಯ ಪರ ಇರುವವರ ವಾದ: ಧಾರ್ಮಿಕ ಸಮಾವೇಶದಲ್ಲಿ ಪ್ರಾಣಿ ಕೊಂದರೆ ಕಾನೂನಿನ ಪ್ರಕಾರ ಅದು ಬಲಿಯೇ. ಒಕ್ಕಲುಗಳ ಉತ್ತರ: ಗದ್ದುಗೆಯ ಮುಂದೆ ನಾವು ಏನನ್ನೂ ಕಡಿಯುವುದಿಲ್ಲ, ದೇವರಿಗೆ ರಕ್ತ ಅರ್ಪಿಸುವುದಿಲ್ಲ, ಬಿಡಾರದಲ್ಲಿ ಅಡುಗೆ ಮಾಡಿ ಉಣ್ಣುತ್ತೇವೆ, ಅಷ್ಟೇ.

ಬಲಿಗೂ ಊಟಕ್ಕೂ ನಡುವಿನ ಗೆರೆ ಎಲ್ಲಿ ಎನ್ನುವುದು ಕಾನೂನಿನ ಪ್ರಶ್ನೆ, ಅದನ್ನು ಕಾನೂನಿನ ವೇದಿಕೆಯಲ್ಲೇ ಬಿಡಿಸಬೇಕು. ಆದರೆ ಆ ಗೆರೆ ಎಳೆಯುವವರು ಒಮ್ಮೆಯಾದರೂ ಕಲ್ಯಾಣದ ಸಾಲು ಕೇಳಿರಬೇಕು. ಮಂಟೇಸ್ವಾಮಿಯ ಪರಂಪರೆಯಲ್ಲಿ ತಟ್ಟೆಯಲ್ಲಿ ಏನಿದೆ ಎಂಬುದಕ್ಕಿಂತ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದು ದೊಡ್ಡದು. ಶುದ್ಧಿಯ ಕಾರಣ ಕೊಟ್ಟು ಆ ಪಂಕ್ತಿಯನ್ನು ಎಬ್ಬಿಸಿದರೆ ನಾವು ಜಂಗಮರ ಪಾತ್ರವನ್ನೇ ಮತ್ತೆ ಆಡಿದಂತೆ.

ಸಾಂಸ್ಕೃತಿಕ ನಾಯಕ ಮತ್ತು ತಿಪ್ಪೆಯ ಗುರು

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಒಳ್ಳೆಯದೇ. ಕಚೇರಿಗಳಲ್ಲಿ ಭಾವಚಿತ್ರ ಬಂತು, ಭಾಷಣಗಳಲ್ಲಿ ವಚನ ಬಂತು. ಎಲ್ಲ ಪಕ್ಷಗಳಿಗೂ ಈಗ ಬಸವಣ್ಣ ಬೇಕು. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಉಣ್ಣುತ್ತಿದ್ದ ಪಟ್ಟಣವೂ ಹೀಗೇ ತುಂಬಿ ತುಳುಕುತ್ತಿತ್ತು.

ಹಾಗಾಗಿ ನೀಲಗಾರರ ಕಾವ್ಯ ಇವತ್ತು ಹೆಚ್ಚು ಬೇಕು. ಎಚ್.ಎಸ್. ಶಿವಪ್ರಕಾಶ್ ಅದನ್ನು ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕವಾಗಿಸಿದ್ದಾರೆ, ಜಾನಪದ ವಿದ್ವಾಂಸರ ಸಂಪಾದಿತ ಆವೃತ್ತಿಗಳಿವೆ, ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುತ್ತವೆ. ಆದರೆ ಅಚ್ಚಿನ ಪುಟದಲ್ಲಿ ಹಾಡುಗಾರನ ತುಂಟತನ, ಕೇಳುವವರ ಹೂಂಗುಟ್ಟುವಿಕೆ ಇರುವುದಿಲ್ಲ. ಸಾಧ್ಯವಾದರೆ ಪುಷ್ಯ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗಿ. ಶಿವರಾತ್ರಿಯ ಹೊತ್ತಿಗಾದರೆ ಕಪ್ಪಡಿಗೆ. ನೀಲಗಾರರನ್ನು ಕಂಡರೆ ಫೋಟೊ ತೆಗೆದು ಬರಬೇಡಿ, ಕೂತು ಒಂದು ಸಾಲು ಹಾಡಿಸಿ, ಹಾಡಿದ್ದಕ್ಕೆ ತಕ್ಕ ಸಂಭಾವನೆ ಕೊಡಿ. ಕಲೆ ಉಳಿಯಬೇಕು ಎನ್ನುವವರು ಕಲಾವಿದರ ಕೂಲಿಯ ಬಗ್ಗೆಯೂ ಮಾತಾಡಬೇಕು.

ಮತ್ತೆ ಮುಂದಿನ ಸಲ ಯಾವುದೋ ವೇದಿಕೆಯಲ್ಲಿ ‘ಕಲ್ಯಾಣ ರಾಜ್ಯ’ ಎಂಬ ಮಾತು ಕಿವಿಗೆ ಬಿದ್ದಾಗ ಒಂದು ಪ್ರಶ್ನೆ ಕೇಳಿ: ಅದರ ಬಾಗಿಲಲ್ಲಿ ಕಾವಲಿಗೆ ನಿಂತಿರುವವರು ಯಾರು, ಹೊರಗೆ ತಿಪ್ಪೆಯ ಮೇಲೆ ಮಲಗಿರುವವರು ಯಾರು?